ಕಂಬವಾದ ರಾಜನ ಹೋಟೆಲು

ನಾನು ಒಂದು ಕಾಲದಲ್ಲಿ ಕಲ್ಲಿನ ಕಂಬವಾಗಿದ್ದೆ. ನಗಬೇಡಿ. ಅರಮನೆಯ ಊಟದ ಮನೆಯಲ್ಲಿ, ಬಾಗಿಲಿಂದ ಎರಡನೆಯ ಕಂಬ. ಪಕ್ಕದ ಕಂಬ ನಮ್ಮ ಬೋರಣ್ಣ. ಸುಳ್ಳು ಅನ್ನುವವರು ಅವನನ್ನೇ ಕೇಳಬಹುದಿತ್ತು. ಏನು ಮಾಡೋಣ, ಹೋದ ವರ್ಷ ಕಣ್ಣು ಮುಚ್ಚಿಬಿಟ್ಟ.

ಈಗಿನ ಬೆಟ್ಟಗಳೆಲ್ಲ ಇನ್ನೂ ಮೊಣಕಾಲೆತ್ತರ ಇದ್ದ ಕಾಲ. ಹೊನ್ನಕಳಸ ಎಂಬ ರಾಜ್ಯ. ಅಲ್ಲಿನ ರಾಜ ಶೂರ, ಆದರೆ ಮನೆಗೆ ಬಂದವರನ್ನು ಕಂಡರಾಗದು. ಒಂದು ಸಂಜೆ ದಣಿದ ಮುದುಕನೊಬ್ಬ ಬಂದು, "ಮಲಗೋಕೆ ಒಂದಿಷ್ಟು ಜಾಗ ಕೊಡಿ ಬುದ್ಧಿ" ಎಂದ.

ಮುನ್ನೂರು ಕೋಣೆಯ ರಾಜ "ಜಾಗ ಇಲ್ಲ, ಹೋಗು" ಎಂದ.

ಬಂದವನು ಮಾಂತ್ರಿಕ. ಅವನ ನಾಲಗೆಯ ಮೇಲೆ ಕರಿಮಚ್ಚೆ. ಆಡಿದ ಮಾತು ಆಗಿಯೇ ತೀರುತ್ತಿತ್ತು. "ನಾನು ಈ ಮನೆಗೆ ಮತ್ತೆ ಮತ್ತೆ ಬರುತ್ತಿರುವ ತನಕ ನೀವೆಲ್ಲ ಕಂಬಗಳಾಗಿ ನಿಲ್ಲಿ. ಬರ್ತೀನಿ" ಎಂದು ಹೊರಟ. ರಾಜ ಕಂಬವಾದ, ಮಂತ್ರಿ ಕಂಬವಾದ, ಅಡುಗೆಯವರ ಜೊತೆ ಹರಟುತ್ತಿದ್ದ ನಾನೂ ಬೋರಣ್ಣನೂ ಕಂಬವಾದೆವು.

ಅಜ್ಜಿಯ ಮನೆಗೆ ಹೋಗಿದ್ದ ರಾಜಕುಮಾರಿ ಹೊಂಬಾಳೆ ಮಾತ್ರ ಉಳಿದಳು. ವಾಪಸು ಬಂದಾಗ ಪಂಜರದ ಗಿಳಿ ನಡೆದದ್ದನ್ನೆಲ್ಲ ಒದರಿತು. ಅಪ್ಪನ ಕಂಬ ತಬ್ಬಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು. "ಜಾಗ ಇಲ್ಲ ಅಂದಿದ್ದಕ್ಕೆ ಬಂದ ಶಾಪ. ಜಾಗ ಕೊಟ್ಟೇ ಕಳೀತೀನಿ. ಅರಮನೇನ ಹೋಟೆಲು ಮಾಡ್ತೀನಿ!"

ಕೆಲಸ ಶುರುವಾಯಿತು. ಆನೆ ಲಾಯ ಮಲಗುವ ಕೋಣೆಯಾಯಿತು, ಬುರುಜು ದುಂಡನೆಯ ಕೋಣೆಯಾಯಿತು, ಆಯುಧದ ಮನೆ ಅಡುಗೆಮನೆಯಾಯಿತು. ಗುರಾಣಿ ಬೋರಲು ಹಾಕಿ ಒಬ್ಬಟ್ಟು ಬೇಯಿಸಿದರು! ಒಂದು ಕೋಣೆಯಂತೆ ಇನ್ನೊಂದಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು. ಹಾಗಂತ ಹಳೇ ತೊಲೆ, ಹಳೇ ಚಿತ್ರ ಒಂದೂ ಅಲುಗಲಿಲ್ಲ.

ಗಾರೆ ಮೇಸ್ತ್ರಿ ಒಮ್ಮೆ, "ಅಮ್ಮಾವ್ರೇ, ಈ ನಡುವಿನ ಕಂಬ ತೆಗೆದರೆ ಊಟದ ಮನೆ ವಿಶಾಲ ಆಗುತ್ತೆ" ಎಂದ.

"ಅದು ನಮ್ಮಪ್ಪ ಕಣಯ್ಯ!"

ಮೇಸ್ತ್ರಿ ಕಂಬಕ್ಕೆ ಕೈಮುಗಿದು ಹಿಂದೆ ಸರಿದ. ಬಂದವರು ನನ್ನ ಮೇಲೆ ಒದ್ದೆ ಟವೆಲು ಒಣಹಾಕಿದರು. ಅದನ್ನೂ ಸಹಿಸಿದೆ.

ಮಾಂತ್ರಿಕ ಹುಲಿಯಾಗಿ ಬಂದ. "ಜಾಗ ಇದೆಯಾ?" "ಇದೆ, ಬನ್ನಿ." ಹುಲಿ ಆನೆ ಲಾಯದ ಕೋಣೆಯಲ್ಲಿ ಗೊರಕೆ ಹೊಡೆದು ಎದ್ದು, "ಬರ್ತೀನಿ" ಎಂದಿತು. ಕಂಬ ಅಲುಗಲಿಲ್ಲ.

ಹೆಬ್ಬಾವಾಗಿ ಬಂದ. "ಜಾಗ ಇದೆಯಾ?" "ಇದೆ, ಬನ್ನಿ." ಹೆಬ್ಬಾವು ದುಂಡನೆಯ ಕೋಣೆಯಲ್ಲಿ ಸುರುಳಿ ಸುತ್ತಿ ಮಲಗಿ ಎದ್ದು, "ಬರ್ತೀನಿ" ಎಂದಿತು. ಕಂಬ ಅಲುಗಲಿಲ್ಲ.

ಹೊಂಬಾಳೆ ಗಲ್ಲಕ್ಕೆ ಕೈಯಿಟ್ಟಳು. "ಹುಲಿ ನಾಲಗೇಲೂ ಹಾವಿನ ನಾಲಗೇಲೂ ಅದೇ ಕರಿಮಚ್ಚೆ! ಎಲ್ಲರ ಹಾಗೆ ಇವನೂ 'ಬರ್ತೀನಿ' ಅಂತಲೇ ಹೊರಡ್ತಾನೆ. ಆ ನಾಲಗೆ ಆಡಿದ್ದು ಆಗುತ್ತೆ, ಮತ್ತೆ ಬರ್ತಾನೆ. ಇವನ ಬಾಯಲ್ಲಿ 'ಹೋಗ್ತೀನಿ' ಅನ್ನಿಸಬೇಕು."

ಮೂರನೆಯ ಸಲ ಅವನು ತನ್ನ ರೂಪದಲ್ಲೇ ಬಂದ. ಎಲೆ ಹಾಕಿ ಒಬ್ಬಟ್ಟು ಬಡಿಸಿದಳು. ತಿಂದ. ಮತ್ತೆ ಬಡಿಸಿದಳು.

"ಸಾಕಮ್ಮ."

"ಇದೇನು ಊಟ ಸ್ವಾಮಿ, ಗುಬ್ಬಿ ತಿಂದ ಹಾಗೆ! ಇನ್ನೊಂದು."

"ಬೇಡಮ್ಮ."

"ನನ್ನಾಣೆ, ಇದೊಂದೇ."

ಎಲೆಗೆ ಕೈ ಅಡ್ಡ ಹಿಡಿದ. ಕೈಮೇಲೇ ಬಡಿಸಿ ತುಪ್ಪ ಹೊಯ್ದಳು. ಎದ್ದು ನಿಂತ. ಬಾಯಿಗೇ ತಂದಳು.

"ಅಯ್ಯೋ, ಬಿಡೇ ಮಾರಾಯ್ತಿ! ಹೋಗ್ತೀನಿ!"

ಆಡಿದ್ದು ಆಯಿತು. ಕಾಲುಗಳು ತಾವೇ ಬಾಗಿಲತ್ತ ಓಡಿದವು. ಹೊಸ್ತಿಲಲ್ಲಿ ಬಾಗಿಲವಾಡ ಹಿಡಿದು, "ಬ... ಬರ್..." ಎಂದು ಬಾಯಿ ತೆರೆದ. "ಇದು ದಾರಿ ಬುತ್ತಿಗೆ!" ಎಂದು ಹೊಂಬಾಳೆ ಇಡೀ ಒಬ್ಬಟ್ಟು ತುರುಕಿದಳು. ಹೋದ. ಏಳು ಬೆಟ್ಟ ದಾಟಿ ಹೋದ. ಇವತ್ತಿಗೂ ಬಂದಿಲ್ಲ.

ಕಂಬಗಳೆಲ್ಲ ಮೈಮುರಿದು ಆಕಳಿಸಿದವು. ನಗಾರಿ ಮೊಳಗಿತು. ರಾಜ ಮೀಸೆಯ ಸುಣ್ಣ ಕೊಡವಿಕೊಂಡು, "ನನ್ನ ಕೋಣೆ ಎಲ್ಲಿ?" ಎಂದ.

"ಎಲ್ಲಾ ಭರ್ತಿ, ಅಪ್ಪಾಜಿ. ಜಾಗ ಇಲ್ಲ."

ರಾಜನ ಮುಖ ಸಪ್ಪಗಾಯಿತು. ಮಗಳು ನಕ್ಕು ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು. ಅವತ್ತಿನಿಂದ ರಾಜ ತಾನೇ ಬಾಗಿಲಲ್ಲಿ ನಿಂತು "ಬನ್ನಿ, ಬನ್ನಿ" ಎಂದು ಕರೆಯತೊಡಗಿದ. ಉಂಡವರ ಹೊಟ್ಟೆ ತಣ್ಣಗಿತ್ತು, ಬಡಿಸಿದವರ ಕೈ ದಣಿಯಲಿಲ್ಲ.

ಅಷ್ಟರಲ್ಲಿ ಒಳಗಿಂದ ನನ್ನ ಸೊಸೆ ಚಿಕ್ಕತಾಯಿ ಕೂಗಿದಳು: "ಅಲ್ಲ ಮಾವ, ನೀವು ಕಲ್ಲಿನ ಕಂಬ ಆಗಿದ್ರಲ್ಲ, ಈ ಮಾತೆಲ್ಲ ನಿಮಗೆ ಹೇಗೆ ಕೇಳಿಸ್ತು?"

ನಾನು ಹೆಗಲು ಕುಣಿಸಿದೆ.

"ಗೋಡೆಗೇ ಕಿವಿ ಇರುತ್ತಂತೆ ಕಣವ್ವ. ಕಂಬ ಏನು ಪಾಪ ಮಾಡಿತ್ತು?"