ಫಿಟ್ ಎಂದು ಬರೆದ ಮೇಲೆ

ಸಹಿ ಹಾಕಿ ಪೆನ್ನು ಮುಚ್ಚುವ ಮೊದಲೇ ಹರಿಕೃಷ್ಣನ ಎದೆ ಹೊಡೆದುಕೊಳ್ಳತೊಡಗಿತ್ತು.

“ಫಿಟ್ ಅಂತ ಬರೆದ್ರಾ ಸಾರ್? ನಿಜವಾಗ್ಲೂ?” ಸುಜಯಾ ಮೇಜಿನ ಆಚೆಯಿಂದ ಬಗ್ಗಿ ಫಾರ್ಮನ್ನು ತಲೆಕೆಳಗಾಗಿಯೇ ಓದಿದಳು. ಮುಖವೆತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು. “ದೇವರಿಗೆ ಸ್ತೋತ್ರ,” ಎಂದಳು ಮೆಲ್ಲಗೆ. ಆಮೇಲೆ, ಎದುರಿಗಿದ್ದವನನ್ನು ಮರೆತೆನಲ್ಲ ಎನ್ನುವಂತೆ, “ನಿಮಗೂ,” ಎಂದು ಸೇರಿಸಿ ನಕ್ಕಳು.

ಆ ನಗುವಿಗಾಗಿ ಅವನು ಎಂಟು ತಿಂಗಳಿಂದ ಸೋಮವಾರ, ಬುಧವಾರ, ಶುಕ್ರವಾರಗಳನ್ನು ಕಾಯುತ್ತಿದ್ದ.

ಹೊಸೂರಿನ ಬಾಗಲೂರು ರಸ್ತೆಯಲ್ಲಿ, ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಅವನ ಫಿಸಿಯೋಥೆರಪಿ ಕ್ಲಿನಿಕ್ಕು. ಸುಜಯಾ ಅವಲಪಲ್ಲಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ಅಪ್ಪನ ಫ್ಯಾಕ್ಟರಿ ಕೆಲಸಕ್ಕಾಗಿ ಕೋಲಾರದಿಂದ ಬಂದು ನೆಲೆಸಿದ ಕ್ರೈಸ್ತ ಮನೆಯ ಹುಡುಗಿ. ಬ್ಯಾಸ್ಕೆಟ್‌ಬಾಲ್ ಆಡುವಾಗ ಎಡ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ವಾಕರ್ ಹಿಡಿದು ಬಂದ ಮೊದಲ ದಿನವೇ ಹೇಳಿದ್ದಳು: “ನಾನು ಆಫ್ರಿಕಾಗೆ ಹೋಗ್ಬೇಕು ಸಾರ್. ಹಾಗೆ ರೆಡಿ ಮಾಡ್ಕೊಡಿ.”

ತಮಾಷೆಯಲ್ಲ. ಚರ್ಚುಗಳು ಸೇರಿ ನಡೆಸುವ ಕ್ರೀಡಾ ಮಿಷನ್ನೊಂದು ಅವಳನ್ನು ಮಲಾವಿ ದೇಶಕ್ಕೆ ಆರಿಸಿತ್ತು. ಜೋಂಬಾ ಎಂಬ ಊರಿನ ಆಚೆಯ ಹಳ್ಳಿಯೊಂದರಲ್ಲಿ ಎರಡು ವರ್ಷ ಹೆಣ್ಣುಮಕ್ಕಳಿಗೆ ನೆಟ್‌ಬಾಲ್ ಕಲಿಸಬೇಕು, ಅವರ ಜೊತೆ ಪ್ರಾರ್ಥನೆ ಮಾಡಬೇಕು, ಕೇಳಿದವರಿಗೆ ಯೇಸುವಿನ ಮಾತು ಹೇಳಬೇಕು. “ಮೊದಲು ಚೆಂಡು ಸಾರ್, ಮಾತು ಆಮೇಲೆ,” ಎನ್ನುತ್ತಿದ್ದಳು. ಉಳಿದಿದ್ದದ್ದು ಫಿಟ್‌ನೆಸ್ ಸರ್ಟಿಫಿಕೇಟ್ ಒಂದೇ.

ಅದಕ್ಕೆ ಒಂಟಿ ಕಾಲಲ್ಲಿ ಮೂರು ಸಲ ಜಿಗಿಯಬೇಕು. ಪೆಟ್ಟಾದ ಕಾಲಿನ ಜಿಗಿತ ಒಳ್ಳೆಯ ಕಾಲಿನದರ ನೂರಕ್ಕೆ ತೊಂಬತ್ತರಷ್ಟಾದರೂ ಇರಬೇಕು. ಅವಳದು ಎಂಬತ್ತೈದು ಬಂದಿತ್ತು. ಕೊನೆಯ ಜಿಗಿತದಲ್ಲಿ ನೆಲ ಮುಟ್ಟುವಾಗ ಎಡ ಮಂಡಿ ಕೂದಲೆಳೆಯಷ್ಟು ಒಳಕ್ಕೆ ವಾಲಿದ್ದನ್ನೂ ಅವನು ಕಂಡಿದ್ದ.

ಕಂಡ ಕ್ಷಣವೇ ಒಳಗಿನಿಂದ ಯಾರೋ ಕೇಳಿದಂತಾಯಿತು: ನಿಜವಾಗಿ ವಾಲಿತೋ, ಅಥವಾ ವಾಲಲಿ ಎಂದು ನೀನೇ ಕಾಯುತ್ತಿದ್ದೆಯೋ? ಅವಳು ಹೋಗುವುದು ನಿನಗೆ ಬೇಕಿಲ್ಲ, ಅಲ್ಲವೇ? ಆ ಪ್ರಶ್ನೆಗೆ ಹೆದರಿ ಅವನು ತೊಂಬತ್ತು ಎಂದು ಬರೆದುಬಿಟ್ಟ.

ಬಾಗಿಲ ಬಳಿ ಸುಜಯಾ ತಿರುಗಿ ನಿಂತಳು. “ಸಾರ್, ನೀವ್ಯಾಕೋ ಖುಷಿಯಾಗಿಲ್ಲ.”

“ಹಾಗೇನಿಲ್ಲ.”

“ನಗಿ ನೋಡಾಣ.”

ಅವನು ನಕ್ಕ.

“ಇದು ಹಲ್ಲುನೋವಿನ ನಗು,” ಎಂದು ಹುಬ್ಬು ಹಾರಿಸಿ, ಮೆಟ್ಟಿಲಿಳಿದು ಹೋದಳು. ಅವನು ಕಿವಿಗೊಟ್ಟು ಕೇಳಿದ. ಎಡಗಾಲಿನ ಸದ್ದು ಬಲಗಾಲಿನದಕ್ಕಿಂತ ಹಗುರವಾಗಿತ್ತು. ಅವಳಿಗೇ ತಿಳಿಯದಂತೆ ಆ ಕಾಲನ್ನು ಕಾಪಾಡಿಕೊಳ್ಳುತ್ತಿದ್ದಳು.

ಮುಂದಿನ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಅವಳು ಕಳಿಸಿದ್ದ ಆ ಹಳ್ಳಿಯ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಕೆಂಪು ಮಣ್ಣಿನ ಮೈದಾನ, ಅಲ್ಲಲ್ಲಿ ಕಲ್ಲು, ಮಳೆಯಲ್ಲಿ ಕೊಚ್ಚಿದ ಕೊರಕಲು. ಅಲ್ಲಿ ಹತ್ತು ಮಕ್ಕಳ ಜೊತೆ ಓಡುವಾಗ ಮಂಡಿ ಜಾರಿದರೆ? ಮತ್ತೆ ಹರಿದರೆ ಜೀವಮಾನದಲ್ಲಿ ಅವಳು ಓಡಲಾರಳು. ಈಗ ನಿಜ ಹೇಳಿದರೆ, ತನ್ನನ್ನು ಉಳಿಸಿಕೊಳ್ಳುವುದಕ್ಕೇ ಹೇಳಿದ ಎಂದುಕೊಳ್ಳುತ್ತಾಳೆ. ಅಂದುಕೊಂಡರೂ ತಪ್ಪೇನು? ಅರ್ಧ ನಿಜವೇ ಅಲ್ಲವೇ ಅದು?

ಮೂರನೆಯ ಬೆಳಿಗ್ಗೆ ಅವಲಪಲ್ಲಿಯ ಶಾಲೆಯ ಮೈದಾನಕ್ಕೆ ಹೋದ. ಸುಜಯಾ ಸೀಟಿ ಬಾಯಿಂದ ತೆಗೆದು ಹತ್ತಿರ ಬಂದಳು. “ಏನ್ ಸಾರ್, ಪೇಷಂಟ್‌ನ ಹುಡುಕ್ಕೊಂಡು ಬಂದ್ಬಿಟ್ರಿ?” ಅವಳ ಕಣ್ಣಲ್ಲಿ ಮಿಂಚಿದ ತುಂಟತನ ಅವನ ಮುಖ ನೋಡಿದ್ದೇ ಆರಿಹೋಯಿತು.

“ನಾನು ಸುಳ್ಳು ಬರೆದೆ,” ಎಂದ ಹರಿಕೃಷ್ಣ. “ನಿಮಗೆ ಬಂದಿದ್ದು ಎಂಬತ್ತೈದು. ಆ ಮಂಡಿ ಇನ್ನೂ ರೆಡಿ ಇಲ್ಲ.”

“ಮತ್ತೆ ಯಾಕ್ ಬರೆದ್ರಿ?”

“ನೀವು ಹೋಗೋದು ನನಗಿಷ್ಟ ಇಲ್ಲ, ಅದಕ್ಕೆ.”

ಅವಳಿಗೆ ಅರ್ಥವಾಗಲಿಲ್ಲ. ಅವನು ತಡವರಿಸುತ್ತಲೇ ಮುಂದುವರಿಸಿದ. “ಇಷ್ಟ ಇಲ್ಲ ಅಂತಾನೇ ಭಯ ಆಯ್ತು. ಫೇಲ್ ಮಾಡಿದ್ರೆ ನನ್ನ ಸ್ವಾರ್ಥಕ್ಕೆ ಮಾಡ್ದೆ ಅಂತ ಆಗುತ್ತೆ ಅನ್ನಿಸ್ತು. ನಿಮ್ಮ ಮೇಲೆ ನನಗೆ... ಬಹಳ ದಿನದಿಂದ.” ಮಾತು ಅಲ್ಲಿಗೇ ನಿಂತುಹೋಯಿತು.

ಸುಜಯಾಳ ಕಿವಿ ಕೆಂಪಾಯಿತು. ಕೋಪಕ್ಕೋ ಬೇರೆ ಯಾವುದಕ್ಕೋ ಅವನಿಗೆ ತಿಳಿಯಲಿಲ್ಲ. “ಫಾರ್ಮ್ ಕಳಿಸಿ ಆಯ್ತು. ನಾಡಿದ್ದು ಟಿಕೆಟ್ ಹಾಕ್ತಾರೆ. ಈಗ ಬಂದು ಈ ಎರಡೂ ವಿಷಯ ಒಟ್ಟಿಗೆ ಹೇಳ್ತೀರಲ್ಲ, ನಾನ್ ಯಾವುದನ್ನ ನಂಬಲಿ?”

“ನನ್ನ ನಂಬಬೇಡಿ. ಕೃಷ್ಣಗಿರಿಯಲ್ಲಿ ನನಗೆ ಪಾಠ ಹೇಳಿದ ರಾಧಾಮಣಿ ಮೇಡಂ ಇದ್ದಾರೆ. ಅವರು ನೋಡ್ಲಿ. ಅವರು ಫಿಟ್ ಅಂದ್ರೆ ನೀವು ಹೋಗಿ.”

ಮರುದಿನ ಇಬ್ಬರೂ ಕೃಷ್ಣಗಿರಿಯ ಬಸ್ಸು ಹತ್ತಿದರು. ಶೂಳಗಿರಿ ದಾಟುವವರೆಗೂ ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಅವಳು ದೇವರಲ್ಲಿ ಏನು ಕೇಳುತ್ತಿರಬಹುದು ಎಂದು ಅವನು ಊಹಿಸಲೂ ಹೆದರಿದ.

ರಾಧಾಮಣಿ ಎರಡೆರಡು ಸಲ ಅಳೆದರು. ಎಂಬತ್ನಾಲ್ಕು. ಹರಿಕೃಷ್ಣ ಬರೆದ ಫಾರ್ಮಿನ ನಕಲು ನೋಡಿ ಕನ್ನಡಕ ತೆಗೆದರು. “ಎನ್ನಪ್ಪಾ ಹರಿ ಇದು? ನಿನಗೆ ಇದನ್ನಾ ಕಲಿಸಿದ್ದು?” ಎಂದರು ತಮಿಳು ಬೆರೆತ ಕನ್ನಡದಲ್ಲಿ. ಅವನು ತಲೆ ತಗ್ಗಿಸಿದ. ಅವರು ಸುಜಯಾಳತ್ತ ತಿರುಗಿದರು. “ಹನ್ನೆರಡು ವಾರ ಸರಿಯಾಗಿ ಕೆಲಸ ಮಾಡಿದ್ರೆ ಆಗುತ್ತಮ್ಮಾ. ಈಗ ಹೋದ್ರೆ ಕಾಲು ಕಳ್ಕೊಂಡು ಬರ್ತೀಯಾ.”

ಹೊರಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಸುಜಯಾ ಅತ್ತಳು. ಅವನು ಹತ್ತಿರ ಕೂರುವ ಧೈರ್ಯವಿಲ್ಲದೆ ನಿಂತೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಫೋನು ತೆಗೆದು ಮಿಷನ್ನಿಗೆ ತಾನೇ ಪತ್ರ ಬರೆದಳು. ಹರಿಕೃಷ್ಣನೂ ಬರೆದ: ಸುಳ್ಳು ನನ್ನದು, ಅವರದಲ್ಲ, ಅವರಿಗೆ ತಿಳಿದೂ ಇರಲಿಲ್ಲ.

ಒಂಬತ್ತು ದಿನ ಉತ್ತರ ಬರಲಿಲ್ಲ. ಅವಳ ಜೊತೆ ಮಲಾವಿಗೆ ಹೋಗಬೇಕಿದ್ದ ತಂಡ ಅವಳನ್ನು ಬಿಟ್ಟು ಹೊರಟಿತು. ಸೋಮವಾರ ಅವಳು ಕ್ಲಿನಿಕ್ಕಿಗೆ ಬರಲಿಲ್ಲ, ಬುಧವಾರವೂ ಇಲ್ಲ. ಪ್ರತಿ ಹೆಜ್ಜೆಯ ಸದ್ದಿಗೂ ಅವನು ಬಾಗಿಲ ಕಡೆ ನೋಡುವನು. ಅವಳ ಬದುಕಿನ ದೊಡ್ಡ ಆಸೆಯನ್ನು ತಾನೇ ಮುರಿದೆನೇ ಎಂದು ಅವನ ಜೀವ ಕುದಿಯುತ್ತಿತ್ತು.

ಹತ್ತನೆಯ ದಿನ ಮೆಟ್ಟಿಲ ಮೇಲೆ ಆ ಹಗುರ ಎಡಗಾಲಿನ ಸದ್ದು ಕೇಳಿಸಿತು.

“ನವೆಂಬರ್‌ವರೆಗೂ ನನ್ನ ಜಾಗ ಇಟ್ಕೊಂಡಿರ್ತಾರಂತೆ,” ಎಂದಳು ಸುಜಯಾ ಏದುಸಿರಿನಲ್ಲಿ. “ಆದ್ರೆ ಸರ್ಟಿಫಿಕೇಟ್ ನಿಮ್ಮದು ಬೇಡ್ವಂತೆ. ಮೇಡಮ್ಮೇ ಕೊಡ್ಬೇಕಂತೆ.”

“ಸರಿಯಾಗೇ ಹೇಳಿದ್ದಾರೆ.”

“ಟ್ರೈನಿಂಗ್ ಯಾರು ಕೊಡ್ಬೇಕು ಅಂತ ಹೇಳಿಲ್ಲ.” ಅವಳು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ, ಕೆಳಗಿನಿಂದಲೇ ಓರೆಗಣ್ಣಲ್ಲಿ ಅವನನ್ನು ನೋಡಿದಳು. “ನನ್ನ ಕಳಿಸೋಕೆ ಇಷ್ಟ ಇಲ್ದಿರೋರು ಚೆನ್ನಾಗಿ ಕೊಡ್ತಾರಾ?”

“ಕೊಡ್ತಾರೆ,” ಎಂದ.

ಹನ್ನೆರಡು ವಾರ, ದಿನವೂ ಬೆಳಿಗ್ಗೆ ಆರಕ್ಕೆ ಅವಲಪಲ್ಲಿಯ ಮೈದಾನ. ಅವಳು ಜಿಗಿಯುವಳು, ಅವನು ಅಳೆಯುವನು. ಎಂಬತ್ತೇಳು. ಎಂಬತ್ತೊಂಬತ್ತು. ಒಂದೊಂದು ಅಂಕಿಯೂ ಅವಳನ್ನು ಅವನಿಂದ ಒಂದೊಂದು ಹೆಜ್ಜೆ ದೂರ ಒಯ್ಯುತ್ತಿತ್ತು. ಆದರೂ ಅಂಕಿ ಏರಿದಾಗ ಮೊದಲು ಕೂಗುತ್ತಿದ್ದವನು ಅವನೇ. “ಅಯ್ಯೋ, ನನಗಿಂತ ನಿಮಗೇ ಅರ್ಜೆಂಟಲ್ಲ,” ಎಂದು ಅವಳು ಅಣಕಿಸುವಳು; ಅಣಕಿಸಿದ ಮೇಲೆ ಮೈದಾನ ಬಿಟ್ಟು ಹೊರಡಲು ತಡಮಾಡುವಳು.

ಅಕ್ಟೋಬರ್ ಕೊನೆಯಲ್ಲಿ ರಾಧಾಮಣಿ ತೊಂಬತ್ತಮೂರು ಎಂದು ಬರೆದು ಸಹಿ ಹಾಕಿದರು.

ಹೊರಡುವ ದಿನ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಅವಳ ಅಪ್ಪ ನೀರಿನ ಬಾಟಲಿ ತರಲು ಹೋದರು. ಬೆಂಗಳೂರಿನ ಬಸ್ಸು ಎಂಜಿನ್ ಶುರು ಮಾಡಿಕೊಂಡು ನಿಂತಿತ್ತು.

“ಅವತ್ತು ಗ್ರೌಂಡಲ್ಲಿ ಅರ್ಧ ಹೇಳಿ ನಿಲ್ಲಿಸಿದ್ರಿ,” ಎಂದಳು ಸುಜಯಾ. “ನನ್ನ ಮೇಲೆ ನಿಮಗೆ ಏನು?”

“ಪ್ರೀತಿ,” ಎಂದ ಹರಿಕೃಷ್ಣ. “ಎರಡು ವರ್ಷ ಕಾಯ್ತೀನಿ. ನೀವು ಹೂಂ ಅಂದ್ರೆ.”

“ನಾನು ದೇವರ ಕೆಲಸ ಬಿಡಲ್ಲ ಹರಿ.” ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. “ವಾಪಸ್ ಬಂದ್ಮೇಲೂ ಬಿಡಲ್ಲ.”

“ಬಿಡಿ ಅಂತ ನಾನೆಲ್ಲಿ ಕೇಳ್ದೆ?”

ಅವಳು ಅವನ ಅಂಗೈಯನ್ನು ಒಂದು ಕ್ಷಣ ಗಟ್ಟಿಯಾಗಿ ಹಿಡಿದಳು. “ಹಾಗಾದ್ರೆ ಹೂಂ. ಅಪ್ಪಂಗೆ ಬಸ್ಸಲ್ಲಿ ನಾನು ಹೇಳ್ತೀನಿ. ನಿಮ್ಮಮ್ಮಂಗೆ ಇವತ್ತೇ ನೀವು ಹೇಳ್ಬೇಕು. ಮುಚ್ಚಿಟ್ಕೊಂಡು ಕಾಯೋದಾದ್ರೆ ಬೇಡ.”

ಬಸ್ಸು ಹೋದ ಮೇಲೆ ಅವನು ನೇರ ಬಾಗಲೂರಿನ ಮನೆಗೆ ಹೋದ. ಅಮ್ಮ ಗಂಗರತ್ನಮ್ಮ ಜಗಲಿಯ ಮೇಲೆ ಮಾರಾಟಕ್ಕೆ ಗುಲಾಬಿ ಮೊಗ್ಗುಗಳನ್ನು ಕಟ್ಟು ಕಟ್ಟುತ್ತಿದ್ದಳು. ಅವನು ಎದುರಿಗೆ ಕೂತು ಎಲ್ಲವನ್ನೂ ಹೇಳಿದ: ಹುಡುಗಿಯ ಹೆಸರು, ಧರ್ಮ, ಮಲಾವಿ, ಎರಡು ವರ್ಷ.

ಗಂಗರತ್ನಮ್ಮ ಕೈಯಲ್ಲಿದ್ದ ಕಟ್ಟು ಮುಗಿಸಿ ಬದಿಗಿಟ್ಟಳು.

“ಅಷ್ಟ್ ದೂರ ಒಬ್ಳೇ ಹೋಗವ್ಳಾ?”

“ಹೂಂ ಕಣಮ್ಮ.”

“ನೀನೇ ಕಾಲ್ ಸರಿ ಮಾಡಿ ಕಳ್ಸುದ್ಯಾ?”

“ಹೂಂ.”

ಅವಳು ಮಗನ ಮುಖವನ್ನು ದಿಟ್ಟಿಸಿ ನೋಡಿದಳು. “ಒಳ್ಳೆ ಪೆದ್ದ ಕಣ್ಲಾ ನೀನು,” ಎಂದಳು. ಮತ್ತೆ ಮೊಗ್ಗುಗಳತ್ತ ಕೈಚಾಚಿ, ತಲೆಯೆತ್ತದೆ ಸೇರಿಸಿದಳು: “ಫೋನ್ ಮಾಡ್ದಾಗ ನನ್ಗೂ ಕೊಡು. ಹೊತ್ತೊತ್ತಿಗೆ ಉಣ್ತಾಳೋ ಇಲ್ವೋ ಕೇಳ್ಬೇಕು.”