ಶಾರವ್ವನ ಝಡತಿ

ಬೀರುವಿನ ಬಾಗಿಲು ಮುಚ್ಚಿತ್ತು. ಕೀಲಿಯೂ ಹಾಕಿತ್ತು. ಒಳಗೆ ಬಂಗಾರದ ಗುಂಡಿನ ಬೋರಮಾಳ ಸರ ಮಾತ್ರ ಇರಲಿಲ್ಲ.

"ಮುಂಜಾನೆ ಇತ್ರಿ ಮೇಡಂ," ಎಂದ ಠಾಣೆಯ ರೈಟರ್ ಮೆಹಬೂಬ. "ಊಟ ತರಾಕ ಬಂಕಾಪುರಕ್ಕ ಹೋಗೂ ಮುಂದ ನಾನ ನೋಡೇನ್ರಿ. ಅರಿವ್ಯಾಗ ಕಟ್ಟಿ ಅರಗಿನ ಮುದ್ರಿ ಒತ್ತಿದ್ದು, ಹಂಗ ಇತ್ತು."

"ಬೀರುವಿನ ಕೀಲಿ?"

"ನನ್ನ ಮೇಜಿನ ಖಾನೇದಾಗ."

"ಖಾನೇಕ್ಕ ಕೀಲಿ ಹಾಕಿದ್ರೇನು?"

ಮೆಹಬೂಬ ತಲೆ ತಗ್ಗಿಸಿದ. "ನಮ್ಮ ಠಾಣ್ಯಾಗ ಯಾರ ಮುಟ್ತಾರ ಅಂತ ಬಿಟ್ಟಿದ್ದೆ ನೋಡ್ರಿ."

ಪಿಎಸ್‌ಐ ಪದ್ಮಜಾ ಬೀರುವಿನ ಬರಿದಾದ ಅರೆಯನ್ನೇ ನೋಡುತ್ತ ನಿಂತಳು. ಸರ ಯಲವಿಗಿಯ ಹೊನ್ನವ್ವ ಎಂಬ ಮುದುಕಿಯದು. ಹೋದ ತಿಂಗಳು ಯಲವಿಗಿ ರೈಲು ಸ್ಟೇಶನ್ನಿನಲ್ಲಿ ಒಬ್ಬ ಅದನ್ನು ಕಿತ್ತುಕೊಂಡು ಓಡಿದ್ದ, ಸಿಕ್ಕಿಬಿದ್ದಿದ್ದ. ನಾಳೆ ಮುಂಜಾನೆ ಸರವನ್ನು ಕೋರ್ಟಿನ ಮುಂದೆ ಇಡಬೇಕು.

ಪದ್ಮಜಾ ಸವಣೂರು ಸೀಮೆಯ ಈ ಹಿರೇಬಾವಿ ಠಾಣೆಗೆ ಬಂದು ವರ್ಷ ತುಂಬಿರಲಿಲ್ಲ. ಇಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಪಹರೆಗೆ ನಿಲ್ಲುವಳು. ಒಬ್ಬಳ ಬುತ್ತಿ ಬಿಚ್ಚಿದರೆ ಎಲ್ಲರ ಕೈಯೂ ಅದರಲ್ಲೇ. ಸಾಹೇಬರ ಮೀಟಿಂಗಿನಲ್ಲಿ ಪದ್ಮಜಾ ಎದೆಯುಬ್ಬಿಸಿ ಹೇಳುತ್ತಿದ್ದುದು ಈ ಒಗ್ಗಟ್ಟಿನ ಮಾತನ್ನೇ.

ಆ ದಿನ ಠಾಣೆಯಲ್ಲಿಯೇ ಕಾನ್‌ಸ್ಟೇಬಲ್ ಭಾಗ್ಯಶ್ರೀಗೆ ಕುಬಸ ಮಾಡಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ಮಡಿಲಿಗೆ ಹಾಕಿ ಉಡಿ ತುಂಬಿ ಗಂಟು ಕಟ್ಟಿದ್ದರು. ಹೋಳಿಗೆ ಊಟವೂ ಮುಗಿದಿತ್ತು. ಹಿರೇಕೆರೂರಿನ ತವರಿಗೆ ಕರೆದೊಯ್ಯಲು ಅವಳ ಅಣ್ಣ ಲೋಹಿತ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ.

"ಯಾರೂ ಹೊರಗ ಹೋಗಬ್ಯಾಡ್ರಿ," ಎಂದಳು ಪದ್ಮಜಾ. "ಎಲ್ಲಾರ ಝಡತಿ ಆಗ್ಬೇಕು. ಮೊದಲು ನಂದು."

* * *

ಮೈ ತಡವಿ ನೋಡುವ ಝಡತಿಯ ಕೆಲಸವನ್ನು ಹೆಡ್ ಕಾನ್‌ಸ್ಟೇಬಲ್ ರಾಜಶ್ರೀ ವಹಿಸಿಕೊಂಡಳು. ಠಾಣೆಗೆಲ್ಲ ಅವಳು ರಾಜಕ್ಕ. ಲಾಠಿ ಹಿಡಿಯುವುದರಿಂದ ಹಿಡಿದು ಪಂಚನಾಮೆ ಬರೆಯುವವರೆಗೆ ಹುಡುಗಿಯರಿಗೆಲ್ಲ ಕಲಿಸಿದವಳು. ಹೋದ ತಿಂಗಳ ಪೆಟ್ಟಿಗೆ ಬಲಗೈ ಮಣಿಕಟ್ಟಿಗೆ ಇನ್ನೂ ಪಟ್ಟಿ ಸುತ್ತಿತ್ತು.

ಹುಡುಗಿಯರು ಸಾಲಾಗಿ ನಿಂತರು. ರಾಜಕ್ಕ ಜೇಬು ಮುಟ್ಟಿದಳು, ಸೊಂಟ ಸವರಿದಳು.

"ಕಚಗುಳಿ ಇಡಬ್ಯಾಡ್ರಿ ರಾಜಕ್ಕ."

"ಸುಮ್ನ ನಿಂದ್ರ. ಹೋಳ್ಗಿ ಬಿಟ್ರ ಏನೂ ಸಿಗವಲ್ದು ನಿನ್ನ ಹೊಟ್ಯಾಗ."

ಹುಡುಗಿಯರು ನಕ್ಕರು. ಭಾಗ್ಯಶ್ರೀಯ ಸರದಿ ಬಂದಾಗ ರಾಜಕ್ಕ ಕೈ ಹಿಂತೆಗೆದಳು. "ತುಂಬಿದ ಉಡಿ ಬಿಚ್ಚಬಾರದ್ರಿ ಮೇಡಂ. ಬಸುರಿ."

ಆ ಮಾತು ಸರಿಯೆನಿಸಿತು. ಪದ್ಮಜಾಳ ಮನೆಯಲ್ಲೂ ತುಂಬಿದ ಉಡಿಯನ್ನು ಪರರು ಮುಟ್ಟುತ್ತಿರಲಿಲ್ಲ. ಭಾಗ್ಯಶ್ರೀ ಎಲ್ಲರಿಗೂ ನಮಸ್ಕರಿಸಿ ಕಾರು ಹತ್ತಿದಳು.

ಉಳಿದವಳು ಶಾರವ್ವ. ಠಾಣೆಯ ಕಸ ಗುಡಿಸುವುದು, ಭಾಂಡೆ ತಿಕ್ಕುವುದು ಅವಳ ಕೆಲಸ. ಗಂಡ ತೀರಿಹೋದವಳು. ಅದಕ್ಕೆಂದೇ ಅವಳನ್ನು ಉಡಿ ತುಂಬಲು ಕರೆದಿರಲಿಲ್ಲ.

"ಎಲ್ಲಾರೂ ಹಾಲ್‌ನ್ಯಾಗ ಹಾಡು ಹೇಳಾಕತ್ತಿದ್ವಿ," ಎಂದಳು ರಾಜಕ್ಕ. "ಬೀರು ಇದ್ದ ಖೋಲ್ಯಾಗ ಇದ್ದಾಕಿ ಈಕಿ ಒಬ್ಬಾಕಿ."

"ನೀವ ಅಲ್ಲೇನ್ರಿ ಒಳಗ ಕುಂದ್ರು ಅಂದಾಕಿ," ಎಂದಳು ಶಾರವ್ವ. "ಕುಂತೆ. ಬೀರು ಮುಟ್ಟಿಲ್ರಿ."

ಶಾರವ್ವನನ್ನು ಪರದೆಯ ಹಿಂದೆ ಕರೆದೊಯ್ದರು. ಈ ಸಲ ಯಾರೂ ನಗಲಿಲ್ಲ. ಸೀರೆ ಕುಪ್ಪಸ ಬಿಚ್ಚಿಸಿ, ಕೂದಲು ಜಾಲಾಡಿ ನೋಡಿದರು. ಸರ ಸಿಗಲಿಲ್ಲ.

"ಯಾರ ಕೈಗಾದ್ರೂ ದಾಟಿಸಿರಬೇಕ್ರಿ," ಎಂದಳು ಒಬ್ಬಳು.

ಪದ್ಮಜಾಳಿಗೂ ಹಾಗೆಯೇ ಅನಿಸಿತು. "ನಾಳೆ ಮುಂಜಾನಿತನಕ ವ್ಯಾಳ್ಯಾ ಕೊಡ್ತೇನಿ, ಶಾರವ್ವ. ಆಮ್ಯಾಲೆ ನಿನ್ನ ಹೆಸರ ಬರೀಬೇಕಾಗ್ತದ."

ಶಾರವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಈ ಹೆಸರ ಹೊತ್ಕೊಂಡ ನಾ ಯಾರ ಮನಿ ಬಾಗ್ಲಿಗೆ ಹೋಗ್ಲಿರಿ? ಯಾರ ಕೆಲಸ ಕೊಡ್ತಾರ?"

* * *

ಪದ್ಮಜಾ ಮೊದಲು ಮೆಹಬೂಬನನ್ನು ವಿಚಾರಿಸಿದಳು. ಕೀಲಿ ಅವನದು, ಅಲಕ್ಷ್ಯವೂ ಅವನದು. ಆದರೆ ಅವನು ಜೀಪಿನಲ್ಲಿ ಡ್ರೈವರನ ಜೊತೆಗೇ ಹೋಗಿ ಜೊತೆಗೇ ಬಂದಿದ್ದ. ಬಂಕಾಪುರದ ಖಾನಾವಳಿಯವರೂ ಅದನ್ನೇ ಹೇಳಿದರು. ಅಲ್ಲಿಗೆ ಆ ಹಾದಿ ಮುಗಿಯಿತು.

ಮಧ್ಯಾಹ್ನ ಇಳಿದ ಮೇಲೆ ಬೀರುವಿನ ಖೋಲಿಗೆ ಮತ್ತೆ ಹೋದಳು. ಮೂಲೆಯ ಮೇಜಿನ ಮೇಲೆ ಉಡಿ ತುಂಬಿ ಉಳಿದ ಅಕ್ಕಿ ಮೊರದಲ್ಲಿಯೇ ಇತ್ತು. ಅಕ್ಕಿಯ ನಡುವೆ ಕೆಂಪು ಹರಳು ಹರಳು. ಕುಂಕುಮ ಬಿದ್ದಿದೆ ಅಂದುಕೊಂಡು ಒಂದು ಹರಳನ್ನು ಬೆರಳಲ್ಲಿ ಒರೆಸಿದಳು. ಬಣ್ಣ ಹತ್ತಲಿಲ್ಲ. ಉಗುರಿನಿಂದ ಒತ್ತಿದಳು. ಚಟ್ಟೆಂದು ಒಡೆಯಿತು.

ಕುಂಕುಮ ಒಡೆಯುವುದಿಲ್ಲ. ಇದು ಅರಗು.

ಪದ್ಮಜಾ ಅಲ್ಲೇ ಕುರ್ಚಿಯಲ್ಲಿ ಕುಳಿತಳು. ಸರದ ಮುದ್ರೆ ಈ ಮೊರದ ಮೇಲೆಯೇ ಒಡೆದಿದೆ. ಉಡಿ ತುಂಬುವುದಕ್ಕಿಂತ ಮುಂಚೆ ಒಡೆದಿರಬೇಕು. ಶುರುವಾದ ಮೇಲೆ ಮೊರ ಹಾಲ್‌ನಲ್ಲಿ ಎಲ್ಲರ ಕಣ್ಣೆದುರಿಗಿತ್ತು; ಮತ್ತೆ ಒಳಗೆ ಬಂದದ್ದು ಝಡತಿ ಮುಗಿದ ಮೇಲೆ. ಹಾಗಿದ್ದರೆ ಹಾಡು ಹೇಳುವಾಗ ಒಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಮೊರ ಸಿದ್ಧಮಾಡಿದವರು ಯಾರು?

ಉತ್ತರ ಅವಳಿಗೆ ಗೊತ್ತಿತ್ತು. ಅದು ಬೇರೆ ಯಾರದಾದರೂ ಹೆಸರಾಗಲಿ ದೇವರೇ ಎಂದು ಬೇಡಿಕೊಂಡಳು.

"ಮೆಹಬೂಬ, ಜೀಪ್ ತಗಸ್ರಿ. ಹಿರೇಕೆರೂರಿಗೆ."

* * *

ಜೀಪು ಹಾನಗಲ್ ದಾಟಿತು. ಭಾಗ್ಯಶ್ರೀಯ ತವರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

"ಉಡಿ ಬಿಚ್ಚಿದ್ಯಾ, ಭಾಗ್ಯಾ?"

"ಇಲ್ರಿ ಮೇಡಂ, ದೇವರ ಮುಂದ ಇಟ್ಟೇನಿ. ಇಷ್ಟೊತ್ತಿಗೆ ಬಿಚ್ತಿದ್ದೆ. ರಾಜಕ್ಕ ಫೋನ್ ಮಾಡಿದ್ರು. ನಾಳೆ ಕೋರ್ಟ್ ಮುಗಿಸಿ ಬರ್ತೇನಿ, ಆ ಅಕ್ಕಿ ಪಾಯಸ ನನ್ನ ಕೈಲೇ ಮಾಡಿ ಉಣಸ್ತೇನಿ, ಬಿಚ್ಚಬ್ಯಾಡ ಅಂದ್ರು." ಭಾಗ್ಯಶ್ರೀ ನಕ್ಕಳು. "ನಮ್ಮವ್ವಗಿಂತ ಹೆಚ್ಚ ನೋಡ್ರಿ ಅವರು."

"ಈಗ ಬಿಚ್ಚವ್ವಾ. ನನ್ನ ಸಲುವಾಗಿ."

ಭಾಗ್ಯಶ್ರೀ ದೇವರಿಗೆ ಕೈಮುಗಿದು ಗಂಟು ಬಿಚ್ಚಿದಳು. ಅಕ್ಕಿಯೊಳಗೆ ಎರಡು ಕೊಬ್ಬರಿ ಬಟ್ಟಲು ಬಾಯಿಗೆ ಬಾಯಿ ಸೇರಿ ದಾರದಲ್ಲಿ ಕಟ್ಟಿದ್ದವು. ದಾರ ಬಿಚ್ಚಿದಾಗ ಒಳಗಿದ್ದ ಬೋರಮಾಳ ಸರ ಅಕ್ಕಿಯ ಮೇಲೆ ಜಾರಿತು.

"ನಾ ಅಲ್ರಿ ಮೇಡಂ."

"ಗೊತ್ತವ್ವಾ," ಎಂದಳು ಪದ್ಮಜಾ.

* * *

ಮರುದಿನ ಮುಂಜಾನೆ ಹಾಜರಿಗೆ ಎಲ್ಲರೂ ನಿಂತಿದ್ದರು. ಶಾರವ್ವನೂ ಬಂದಿದ್ದಳು. ಪದ್ಮಜಾ ಸರವನ್ನು ಮೇಜಿನ ಮೇಲಿಟ್ಟಳು. ಅರಗಿನ ಚೂರು, ಮೊರ, ಫೋನು, ಕೊಬ್ಬರಿ ಬಟ್ಟಲು, ಎಲ್ಲವನ್ನೂ ಹೇಳಿದಳು.

"ಮೊರ ತುಂಬಿ ಸಿದ್ಧ ಮಾಡಿದಾಕಿ ನೀವ, ರಾಜಕ್ಕ. ಬಸುರಿ ಉಡಿ ಯಾರೂ ಮುಟ್ಟೂದಿಲ್ಲಂತ ನಿಮಗ ಗೊತ್ತಿತ್ತು. ಮುಟ್ಟಬ್ಯಾಡ್ರಿ ಅಂದಾಕೀನೂ ನೀವ."

ರಾಜಕ್ಕ ಅಲ್ಲಗಳೆಯಲಿಲ್ಲ. "ಬಂಗಾರದ ಆಸೆ ನನಗಿರಲಿಲ್ರಿ. ಎರಡ ದಿನ ಬಿಟ್ಟು ಬೀರುವಿನ ಹಿಂದ ಸಿಕ್ತಂತ ಇಡ್ತಿದ್ದೆ."

"ಮತ್ತ ಯಾಕ?"

"ಆ ಕಳ್ಳನ್ನ ಯಲವಿಗ್ಯಾಗ ಹಳಿ ಮ್ಯಾಲೆ ಕೆಡವಿದಾಕಿ ಯಾರ್ರಿ?" ರಾಜಕ್ಕ ಪಟ್ಟಿಯ ಕೈ ಮುಂದೆ ಚಾಚಿದಳು. "ಪೇಪರ್‌ನ್ಯಾಗ ಸರ ಹಿಡ್ಕೊಂಡ ನಿಂತಾಕಿ ಯಾರು? 'ಮಹಿಳಾ ಪಿಎಸ್‌ಐ ಸಾಹಸ' ಅಂತ. ನನ್ನ ಹೆಸರ ಒಂದ ಸಲ ಹೇಳಲಿಲ್ಲ ನೀವು. ಒಂದ ದಿನ ಜಡ್ಜ್ ಮುಂದ ನೀವು ತಲಿ ತಗ್ಗಿಸಿ ನಿಂದ್ರೂದ ನೋಡಬೇಕಿತ್ತು."

ಪದ್ಮಜಾಳ ಮುಖ ಕೆಂಪಾಯಿತು. ಆ ಪೇಪರು ಅವಳ ಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು.

"ಅದು ನನ್ನ ತಪ್ಪು, ಒಪ್ಕೋತೇನಿ," ಎಂದಳು. "ಶಾರವ್ವ ಏನ ಮಾಡಿದ್ಲು? ಆಕಿ ಸೀರಿ ಬಿಚ್ಚಿಸೂ ಮುಂದ ಸರ ಎಲ್ಲಿ ಐತಿ ಅಂತ ಗೊತ್ತಿದ್ದಾಕಿ ನೀವೊಬ್ಬಾಕಿ."

ರಾಜಕ್ಕ ಬೆಂಚಿನ ಮೇಲೆ ಕುಳಿತಳು. "ಅಷ್ಟಕ್ಕ ಹೋಗ್ತೈತಿ ಅಂದ್ಕೊಂಡಿರಲಿಲ್ಲ. ಹೋತು. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ."

ಸಾಲಿನಿಂದ ಒಬ್ಬ ಹುಡುಗಿ ಮೆಲ್ಲಗೆ ಅಂದಳು: "ಸರ ಸಿಕ್ತಲ್ರಿ ಮೇಡಂ. ರಾಜಕ್ಕ ನಮ್ಮಾಕಿ. ಇಲ್ಲೇ ಮುಚ್ಚಿಬಿಡೂಣು."

"ಶಾರವ್ವ ಯಾರಾಕಿ?" ಎಂದಳು ಪದ್ಮಜಾ.

ಪದ್ಮಜಾ ಕುಳಿತು ಸಾಹೇಬರಿಗೆ ವರದಿ ಬರೆದಳು: ಕದ್ದವರು ಯಾರು, ಮುದ್ರೆ ಒಡೆದದ್ದು ಹೇಗೆ, ಕಳ್ಳನನ್ನು ನಿಜವಾಗಿ ಹಿಡಿದವರು ಯಾರು, ತಪ್ಪಿಲ್ಲದವಳ ಝಡತಿಗೆ ಹೊಣೆ ಯಾರು. ಕೊನೆಯದಕ್ಕೆ ತನ್ನ ಹೆಸರನ್ನೇ ಬರೆದಳು. ಸಹಿ ಹಾಕಿ ಶಾರವ್ವನ ಮುಂದೆ ಬಂದು ಕೈಮುಗಿದಳು.

"ತಪ್ಪಾತು. ಎಲ್ಲಾರ ಮುಂದ ಹೇಳಾಕತ್ತೇನಿ. ನೀವು ಏನೂ ಮಾಡಿಲ್ಲ."

"ನಾ ನಿನ್ನೇನ ಹೇಳಿದ್ನೆಲ್ರಿ," ಎಂದಳು ಶಾರವ್ವ. ಆಮೇಲೆ ಸಾಲಿನಲ್ಲಿ ನಿಂತ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಒಂದ ಮಾತ ಕೇಳ್ತೇನಿ. ಇವರದು ಅರಿವಿ ಮ್ಯಾಲಿಂದ ಮುಟ್ಟಿ ಬಿಟ್ರಿ. ನಕ್ಕೋತ ಬಿಟ್ರಿ. ನನಗೊಬ್ಬಾಕಿಗೆ ಯಾಕ ಬಿಚ್ಚಿಸಿದ್ರಿ?"

ಅದನ್ನು ಯಾರೂ ಆಜ್ಞೆ ಮಾಡಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಪದ್ಮಜಾ ಪರದೆಯ ಈಚೆ ನಿಂತು ಕೇಳಿಸಿಕೊಂಡಿದ್ದಳು, ಅಷ್ಟೆ.

ಶಾರವ್ವ ಮೆಟ್ಟಿಲಿಳಿದು, ಅಂಗಳ ದಾಟಿ, ಮನೆಯ ಹಾದಿ ಹಿಡಿದಳು. ಗೇಟಿನ ಸಪ್ಪಳ ನಿಂತ ಮೇಲೂ ಖಾಕಿ ತೊಟ್ಟ ಆ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತೇ ಇದ್ದರು.