ಬಣ್ಣ ಹತ್ತದ ದಾರ

ಬೆಳಿಗ್ಗೆ ಆರಕ್ಕೆ ಸ್ಟೋರಿನ ಬಾಗಿಲು ತೆರೆದಾಗ ರಾಚಯ್ಯ ಬಣ್ಣದ ಡ್ರಮ್ಮುಗಳ ನಡುವೆ ಬೋರಲು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲೇ ಕಬ್ಬಿಣದ ರಾಡು.

ನಂಜನಗೂಡಿನ ಆ ಬಟ್ಟೆ ಬಣ್ಣದ ಕಾರ್ಖಾನೆಯಲ್ಲಿ ರಾಚಯ್ಯ ಇಪ್ಪತ್ತು ವರ್ಷದಿಂದ ಸ್ಟೋರ್ ಕೀಪರ್. ವಾಚ್‌ಮನ್ ಚಾಮಯ್ಯ ತಕ್ಷಣ ಗೇಟು ಮುಚ್ಚಿ ಪೊಲೀಸರಿಗೆ ಫೋನ್ ಮಾಡಿದ. ರಾತ್ರಿ ಪಾಳಿಯವರು ಒಬ್ಬರೂ ಹೊರಗೆ ಹೋಗಿರಲಿಲ್ಲ. ಅದು 1998ರ ಮಾರ್ಚ್.

ಸಬ್ ಇನ್‌ಸ್ಪೆಕ್ಟರ್ ಯಶೋಧರಾ ಬರುವಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಕೇಸು ಮುಗಿಸಿಯೇ ಬಿಟ್ಟಿದ್ದರು. ಹೆಲ್ಪರ್ ರಾಜೇಂದ್ರ ಹಿಂದಿನ ದಿನ ರಾಚಯ್ಯನ ಜೊತೆ ಜಗಳವಾಡಿದ್ದ. ಅವನ ಅಂಗಿಯ ತೋಳಿನ ಮೇಲೆ ಕೆಂಪು ಕಲೆ. ಇನ್ನೇನು ಬೇಕು? ಸುಲಭದ ದಾರಿ ಸಿಕ್ಕ ಪೊಲೀಸರು ಅಕ್ಕಪಕ್ಕ ನೋಡುವುದು ಅಪರೂಪ.

"ಸಾಯಂಕಾಲ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡೋಣ. ಪೇಪರ್ ರೆಡಿ ಮಾಡಿ," ಅಂದರು ಸಾಹೇಬರು.

ಗೇಟಿನಾಚೆ ಇಬ್ಬರು ಹೆಂಗಸರು. ಒಬ್ಬಳು ರಾಚಯ್ಯನ ಹೆಂಡತಿ ರುದ್ರಮ್ಮ, ಇನ್ನೊಬ್ಬಳು ರಾಜೇಂದ್ರನ ತಾಯಿ ಮರಿತಾಯಮ್ಮ.

"ನಿನ್ ಮಗ ನನ್ ಮನೆ ದೀಪ ಆರಿಸ್ಬುಟ್ನಲ್ಲೇ! ನಿನ್ ವಂಸ ಆಳಾಗೋಗ!" ರುದ್ರಮ್ಮ ಹಿಡಿ ಮಣ್ಣು ತೂರಿದಳು.

ಮರಿತಾಯಮ್ಮ ಮಣ್ಣು ಕೊಡವಿಕೊಳ್ಳಲಿಲ್ಲ. ಯಶೋಧರಾಳ ಕೈ ಹಿಡಿದಳು. "ಇವ್ನೊಬ್ನೇ ಕಣವ್ವ ನಂಗಿರೋದು. ಕೋಳಿ ಕುಯ್ಯಾಕೂ ಎದರ್ತಾನೆ."

* * *

"ಜಗಳ ಯಾಕೆ ಆಯ್ತು?" ಯಶೋಧರಾ ರಾಜೇಂದ್ರನನ್ನು ಕೇಳಿದಳು.

"ಕೈಗವಸು ಕೇಳ್ದೆ ಮೇಡಂ. ಸ್ಟಾಕಿಲ್ಲ ಅಂದ್ರು. ಅಷ್ಟೆಯ."

"ಈ ಕೆಂಪು?"

"ಬಣ್ಣದ ನೀರು. ಡ್ರಮ್ಮಿಂದ ಸಿಡೀತು."

ಯಶೋಧರಾ ಪಂಚರ ಮುಂದೆ ಕಲೆಯಿದ್ದ ಬಟ್ಟೆಯ ಒಂದು ತುಂಡನ್ನು ಲ್ಯಾಬಿಗೆಂದು ಕತ್ತರಿಸಿಟ್ಟಳು. ಉಳಿದದ್ದನ್ನು ಬಣ್ಣದ ಮೇಸ್ತ್ರಿ ಚಲುವಯ್ಯನ ಮುಂದೆ ಹಿಡಿದಳು. ಅವನು ಅದನ್ನು ಸೋಪ್ ಆಯಿಲ್ ಬೆರೆಸಿದ ನೀರಿಗೆ ಅದ್ದಿದ. ನೀರು ಕೆಂಪಾಯಿತು, ಬಟ್ಟೆ ಬೆಳ್ಳಗಾಯಿತು.

"ಪಾಲಿಯೆಸ್ಟರ್ರು ತಣ್ಣೀರಲ್ಲಿ ಬಣ್ಣ ಕುಡಿಯಾಕಿಲ್ಲ ಮೇಡಮ್ಮೋರೆ. ಬಣ್ಣ ಮೇಲ್ಗಡೆನೇ ಕೂತಿರ್ತದೆ, ಸೋಪು ಅದ್ನ ಸುತ್ತಾಕಂಡು ಎತ್ಕಂಬತ್ತದೆ. ಪ್ರೆಶರ್ ಮಷಿನ್ನಲ್ಲಿ ನೂರಮೂವತ್ತು ಡಿಗ್ರಿ ಕಾವು ಕೊಟ್ರೇನೆ ಎಳೆ ಸಡಿಲಾಗಿ ಬಣ್ಣ ಒಳೀಕ್ ತಗತದೆ. ಆಮೇಲೆ ಜಪ್ಪಯ್ಯ ಅಂದ್ರೂ ಬಿಡಾಕಿಲ್ಲ."

"ಕಲೆ ರಕ್ತ ಅಲ್ಲದಿದ್ರೆ ರಕ್ತ ತೊಳ್ಕೊಂಡಿದಾನೆ ಅಂತ ಬರ್ಕೊಳ್ಳಿ," ಅಂದರು ಸಾಹೇಬರು.

ಯಶೋಧರಾ ಸಾಲಾಗಿ ನಿಂತಿದ್ದ ಪಾಳಿಯವರನ್ನು ನೋಡುತ್ತಾ ನಡೆದಳು. ಸೂಪರ್‌ವೈಸರ್ ಮದನ್ ಮುಂದೆ ನಿಂತಳು. ಕಡುನೀಲಿ ಅಂಗಿ, ಗರಿಗರಿ ಇಲ್ಲ. ಕಾಲರು, ಜೇಬು, ಕಾಜಾ, ಎಲ್ಲ ಕಡೆಯೂ ಹೊಲಿಗೆ ಮಾತ್ರ ಮಾಸಲು ಬಿಳಿ.

"ಅಂಗಿ ಎಲ್ಲಿ ಹೊಲಿಸಿದ್ರಿ?"

"ನಮ್ಮೂರಲ್ಲೇ. ತಿ. ನರಸೀಪುರದ ಜವರಯ್ಯನ ಹತ್ರ. ಯಾಕೆ ಮೇಡಂ?"

"ಸುಮ್ಮನೆ," ಅಂದಳು. ಜೀಪು ಹತ್ತಿದಳು.

* * *

"ಮದನ್ ಅಂಗಿ ನೋಡಿದೆ. ನೀಲಿ ಬಟ್ಟೆಗೆ ಬಿಳಿ ದಾರ ಹಾಕಿ ಹೊಲೀತೀರಾ?"

ಟೈಲರ್ ಜವರಯ್ಯ ಕನ್ನಡಕ ತೆಗೆದ. ಬೈಗುಳ ಕೇಳಿದವನ ಮುಖ. "ಅಂಗ್ ಒಲ್ದ್ರೆ ಯಾರವ್ವ ನನ್ ಅಂಗ್ಡಿ ಮೆಟ್ಲತ್ತಾರು? ಮದನಪ್ಪಂಗೆ ಸಂಕ್ರಾಂತಿಗೆ ಎರಡು ಬಿಳೀ ಪಾಲಿಯೆಸ್ಟರ್ ಅಂಗಿ ಒಲ್ಕೊಟ್ಟೆ. ನೀಲಿ ಒಂದೂ ಇಲ್ಲ."

"ದಾರ ಯಾವುದು?"

"ಕಾಟನ್ನು. ಕಾಲರ್ರು, ಕಫ್ಫಿನ ಒಳೀಕೆ ಕಾಟನ್ ಕ್ಯಾನ್ವಾಸು."

* * *

ಮಧ್ಯಾಹ್ನ ನಾಲ್ಕಕ್ಕೆ, ಕಾರ್ಖಾನೆಯ ಆಫೀಸಿನಲ್ಲಿ ಮದನ್ ಅಂಗಿ ಬಿಚ್ಚಿ ಮೇಜಿನ ಮೇಲಿಟ್ಟ.

"ನಿನ್ನೆ ರಾತ್ರಿವರೆಗೂ ಇದು ಬಿಳಿ ಅಂಗಿ," ಅಂದಳು ಯಶೋಧರಾ. "ರಾಚಯ್ಯನ ರಕ್ತ ತೋಳಿಗೆ ಹಾರಿತು. ಬಟ್ಟೆ ಕಳುವಾಗುತ್ತೆ ಅಂತ ಗೇಟಿನಲ್ಲಿ ಚಾಮಯ್ಯ ಎಲ್ಲರ ಮೈ, ಚೀಲ ತಡವಿ ನೋಡ್ತಾನೆ. ಅಂಗಿ ಹೊರಗೆ ಸಾಗಿಸೋ ಹಾಗಿಲ್ಲ. ತೊಳೆದ್ರೂ ಗುರುತು ಉಳಿದೀತು ಅಂತ ಸ್ಯಾಂಪಲ್ಲಿನ ಸಣ್ಣ ಪ್ರೆಶರ್ ಮಷಿನ್‌ಗೆ ನೀಲಿ ಬಣ್ಣದ ಜೊತೆ ಹಾಕಿದ್ರಿ. ಆ ಸೆಕೆಗೆ ಎಲ್ಲರೂ ಬನಿಯನ್ನಲ್ಲಿರ್ತಾರೆ. ನೀವೂ ಇದ್ರಿ. ಯಾರು ಕೇಳ್ತಾರೆ?"

"ಪಾಲಿಯೆಸ್ಟರ್ ಬಣ್ಣ ಕಾಟನ್‌ಗೆ ಅತ್ತಾಕಿಲ್ಲ," ಚಲುವಯ್ಯ ತನಗೇ ಹೇಳಿಕೊಂಡ. "ದಾರ ಬಿಳೀದಾಗೇ ಉಳ್ಕತು." ಮೈಗೆ ಬಣ್ಣ ಮೆತ್ತಿಕೊಂಡವನಿಗೆ ಇದು ಗೊತ್ತಿರುತ್ತದೆ. ಮದನ್‌ಗೆ ಗುಂಡಿ ಒತ್ತುವುದು ಗೊತ್ತಿತ್ತು, ಬಟ್ಟೆ ಗೊತ್ತಿರಲಿಲ್ಲ.

ಯಶೋಧರಾ ಬ್ಲೇಡಿನಿಂದ ಕಫ್ಫಿನ ಹೊಲಿಗೆ ಬಿಚ್ಚಿದಳು. ಒಳಗಿನ ಕ್ಯಾನ್ವಾಸಿನ ಮೇಲೆ ತುಕ್ಕಿನಂಥ ಕಲೆ.

"ಕಾಟನ್ ರಕ್ತ ಕುಡಿದಿದೆ. ಮಡಿಕೆಯೊಳಗೆ ಸೋಪು ಸರಿಯಾಗಿ ಹೋಗಲಿಲ್ಲ. ಕಾವಿಗೆ ರಕ್ತ ಅಲ್ಲೇ ಬೆಂದು ಕಚ್ಚಿಕೊಂಡಿದೆ. ಯಾರದು ಅಂತ ಲ್ಯಾಬ್ ಹೇಳುತ್ತೆ."

ಮದನ್ ಒಪ್ಪಿಕೊಂಡ.

"ರಾತ್ರಿ ಹೊತ್ತು ಬಣ್ಣದ ನೀರನ್ನ ಹೊಳೆಗೆ ಬಿಡ್ತಿದ್ದೆ. ರಾಚಯ್ಯ ಕಂಪ್ಲೇಂಟ್ ಕೊಡ್ತೀನಿ ಅಂದ್ರು. ಕೆಲ್ಸ ಹೋಗುತ್ತೆ ಅಂತ ಕಾಲು ಹಿಡಿದೆ. ನಿಮ್ಮೂರೋರೂ ಅದೇ ನೀರು ಕುಡಿಯೋದು ಕಣೋ ಮದನಾ ಅಂದ್ರು. ಸಿಟ್ಟು ಬಂತು."

ಸಾಹೇಬರು ರಾಜೇಂದ್ರನ ಪೇಪರುಗಳನ್ನು ತಾವೇ ಹರಿದರು. ಯಾರ ಮುಖವನ್ನೂ ನೋಡಲಿಲ್ಲ.

* * *

ಗೇಟು ತೆರೆಯಿತು. ಮರಿತಾಯಮ್ಮ ಮಗನ ಬೆನ್ನು, ತೋಳು, ತಲೆ ಸವರಿ ನೋಡಿದಳು. ಆಮೇಲೆ ಅತ್ತಳು.

ರುದ್ರಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. "ನನ್ ಬಾಯಿ ಸೇದೋಗ್ಲಿ ಕಣವ್ವ. ಅನ್ನಬಾರದ್ದ ಅಂದ್ಬುಟ್ಟೆ."

ಮರಿತಾಯಮ್ಮ ಬುತ್ತಿ ಚೀಲದಿಂದ ತಂಬಿಗೆ ತೆಗೆದಳು. ಕೊಡುವುದೋ ಬೇಡವೋ ಎಂದು ಕೈ ಒಂದು ಕ್ಷಣ ತಡೆಯಿತು. ಅವಳ ಕೇರಿಯ ನೀರನ್ನು ರುದ್ರಮ್ಮನ ಮನೆಯವರು ಯಾರೂ ಮುಟ್ಟಿದವರಲ್ಲ.

"ಬೆಳಿಗ್ಗಿಂದ ಒಂದು ಗುಟುಕೂ ಕುಡ್ದಿಲ್ಲ ನೀನು," ಅಂದಳು.

ರುದ್ರಮ್ಮ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಕಚ್ಚಿ ಕುಡಿದಳು.